ಟೇಪು ಸುತ್ತಿದ ಮನೆ

ಬಣ್ಣದವರು ಏಣಿ ಹೊತ್ತುಕೊಂಡು ಹೋದ ಮಾರನೆಯ ದಿನವೇ ಟೇಪಣ್ಣ ತನ್ನ ಹೊಸ ಮನೆಯನ್ನು ಪ್ಯಾಕ್ ಮಾಡಿದ. ಇದು ಸುಮ್ಮನೆ ಮಾತಿಗೆ ಹೇಳಿದ್ದಲ್ಲ. ಗಾಜಿನ ಸಾಮಾನಿನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕಳೆದ ಮನುಷ್ಯ ಅವನು. ಟೇಪಣ್ಣ ಎಂಬ ಹೆಸರನ್ನು ಅಲ್ಲಿಯವರೇ ಇಟ್ಟರು. ಈಗ ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಅವನು ಕಟ್ಟಿದ ಪೆಟ್ಟಿಗೆಯಿಂದ ಒಂದು ಲೋಟವೂ ಒಡೆದು ವಾಪಸು ಬಂದದ್ದಿಲ್ಲ. ಈ ಮಾತನ್ನು ಅವನ ಬಾಯಿಂದ ಎರಡು ಸಲವಾದರೂ ಕೇಳದ ನೆಂಟರಿಲ್ಲ.

ಮೂರು ಕೋಣೆಯ ಮನೆಗೂ ಅವನು ಅದೇ ಕೈಚಳಕ ತೋರಿಸಿದ. ಕಿಟಕಿಗಳ ಸಂದಿಗೆಲ್ಲ ಕಂದು ಟೇಪು ಎಳೆದ. ಅಡುಗೆಮನೆಯ ಗಾಳಿಕಿಂಡಿಗೆ ರಟ್ಟು ಕತ್ತರಿಸಿ ಕೂರಿಸಿದ. ಹೊಸ ಹಾಸಿಗೆಗೆ ಅಂಗಡಿಯವರು ಹಾಕಿದ್ದ ಪ್ಲಾಸ್ಟಿಕ್ ಸಾಲದೆಂದು ಇನ್ನೊಂದು ಸುತ್ತು ಸುತ್ತಿದ. ಮಗಳ ಕೋಣೆಯಲ್ಲಿ ಮರದ ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಹಿಂದೆ ಧೂಳು ಸೇರಬಾರದೆಂದು ಅದರ ಅಂಚಿಗೂ ಟೇಪು ಹಚ್ಚಿದ. ಕೊನೆಗೆ, ತೇವ ಹೀರಲೆಂದು ಕಾರ್ಖಾನೆಯಲ್ಲಿ ಪೆಟ್ಟಿಗೆಗಳೊಳಗೆ ಹಾಕುವ ನೀಲಿ ಹರಳಿನ ಪುಟ್ಟ ಪೊಟ್ಟಣಗಳನ್ನು ಮೇಲಿನವರ ಒಪ್ಪಿಗೆ ಪಡೆದು ಮುನ್ನೂರು ತಂದು, ಕಪಾಟು ಕಪಾಟಿಗೂ ಹಂಚಿ, ಬೀಗ ಹಾಕಿದ.

ಇನ್ನು ಒಂಬತ್ತು ವಾರ ಆ ಮನೆಯಲ್ಲಿ ಯಾರೂ ಇರುವಂತಿರಲಿಲ್ಲ. ಮಗಳ ವರ್ಷದ ಕೊನೆಯ ಪರೀಕ್ಷೆ ಮುಗಿಯಬೇಕು. ಶಾಲೆ ಹಳೆಯ ಬಾಡಿಗೆ ಮನೆಯ ಹಿಂದಿನ ಬೀದಿಯಲ್ಲೇ ಇತ್ತು, ಹೊಸ ಮನೆಗೆ ಎರಡು ಬಸ್ಸು ಹತ್ತಬೇಕು.

ಆ ಹುಡುಗಿಗೆ ಹನ್ನೆರಡು ವರ್ಷ, ಮನೆಯಲ್ಲಿ ಅವಳನ್ನು ಕಡ್ಡಿ ಎನ್ನುತ್ತಾರೆ. ನೋಡಿದರೆ ಯಾಕೆಂದು ಕೇಳಬೇಕಾಗಿಲ್ಲ. ಬಾಡಿಗೆ ಮನೆ ನೆಲದ ಮಟ್ಟದ ಎರಡು ಕೋಣೆ, ಹಿಂಗೋಡೆಯ ಆಚೆ ಪಕ್ಕದವರ ನೀರಿನ ತೊಟ್ಟಿ. ವರ್ಷವಿಡೀ ಆ ಗೋಡೆ ಬೆವರುತ್ತಿತ್ತು, ವರ್ಷವಿಡೀ ಕಡ್ಡಿಯ ಎದೆ ಸೀಟಿ ಹೊಡೆಯುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಅವಳು ಇನ್‌ಹೇಲರ್ ಹುಡುಕುವಳು. "ಔಷಧಿ ಅರ್ಧ ಕೆಲಸ ಮಾಡುತ್ತೆ, ಇನ್ನರ್ಧ ಮನೆ ಮಾಡಬೇಕು. ಒಣಗಿರೋ ಜಾಗಕ್ಕೆ ಹೋಗಿ" ಎಂದು ಡಾಕ್ಟರು ಹೇಳಿ ನಾಲ್ಕು ವರ್ಷವಾಗಿತ್ತು. ಆ ಒಂದು ಮಾತಿಗಾಗಿ ಟೇಪಣ್ಣ ಮನೆ ಕಟ್ಟಿಸಿದ. ಮಗಳು ಸಲೀಸಾಗಿ ಉಸಿರಾಡಬೇಕು, ಅಷ್ಟೇ ಅವನ ಆಸೆ.

ಬೀಗ ಹಾಕಿ ಬಂದ ದಿನ ಊಟಕ್ಕೆ ಕೂತಾಗ ಅವನ ತಾಯಿ ಕೇಳಿದಳು, "ಕಿಟಕಿ ತೆಗೆದಿಟ್ಟು ಬಂದೆಯೇನೋ?"

"ತೆಗೆದಿಡೋಕೆ ಅದೇನು ಬಸ್ ಸ್ಟ್ಯಾಂಡಾ ಅಮ್ಮ? ಧೂಳು ಬರುತ್ತೆ, ಪಾರಿವಾಳ ಬರುತ್ತೆ."

"ಗಾಳೀನೂ ಬರುತ್ತೆ."

"ಗಾಳಿ ಬಂದ್ರೆ ಅದರ ಹಿಂದೇನೇ ತೇವಾನೂ ಬರುತ್ತೆ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದ್ದೀನಿ. ಒಂದು ಡಜನ್ ಲೋಟಕ್ಕೆ ಒಂದು ಪೊಟ್ಟಣ ಸಾಕು. ನಾನು ಮುನ್ನೂರು ಹಾಕಿದ್ದೀನಿ."

ಅಜ್ಜಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಒಣಗಿದ್ದು ಯಾವುದು, ಒಣಗಿದಂತೆ ಕಾಣುವುದು ಯಾವುದು ಎಂದು ಅವಳ ಬೆರಳಿಗೆ ಗೊತ್ತು. "ಲೋಟ ಒಣಗಿರುತ್ತೆ ಕಣೋ. ಆ ಗೋಡೆಗೆ ಮೊನ್ನೆ ಮೊನ್ನೆ ತನಕ ಪೈಪು ಹಿಡಿದು ನೀರು ಕುಡಿಸಿದ್ದಾರೆ. ನೀನು ಒದ್ದೆ ಚಾದರ ಮಡಿಸಿ ಪೆಟ್ಟಿಗೇಲಿಟ್ಟು ಬಂದಿದ್ದೀಯ."

"ಬಟ್ಟೆ ಬೇರೆ, ಮನೆ ಬೇರೆ."

"ಇಬ್ಬರೂ ಮೊದಲು ಊಟ ಮಾಡಿ, ಬೇಳೆ ಆರ್ತಾ ಇದೆ" ಎಂದಳು ಸೊಸೆ. ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ದಿನವೆಲ್ಲ ನಿಂತು ಬಟ್ಟೆ ಕತ್ತರಿಸಿ ಬಂದವಳಿಗೆ ತಾಯಿಮಗನ ವಾದ ಕೇಳುವಷ್ಟು ತ್ರಾಣ ಉಳಿದಿರಲಿಲ್ಲ.

ಮೂರನೆಯ ವಾರದ ಭಾನುವಾರ ನಾಲ್ವರೂ ಮನೆ ನೋಡಲು ಹೋದರು. ಬಾಗಿಲು ತೆರೆದ ಕೂಡಲೇ ಒಳಗಿನ ಗಾಳಿ ಮುಖಕ್ಕೆ ಬಂತು. ಅಜ್ಜಿ ಹೊಸ್ತಿಲಲ್ಲೇ ನಿಂತಳು.

"ಮುಗ್ಗಲು."

"ಹೊಸ ಬಣ್ಣದ ವಾಸನೆ ಅಮ್ಮ. ಹೊಸ ಮನೆ ಅಂದ್ರೆ ಹೀಗೇ ಇರುತ್ತೆ."

"ಬಣ್ಣದ ವಾಸನೆ ಬೇರೆ. ಇದು ನನಗೆ ಚೆನ್ನಾಗಿ ಗೊತ್ತಿರೋ ವಾಸನೆ."

ಟೇಪಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಕಡ್ಡಿಯ ಕೈ ಹಿಡಿದು ಅವಳ ಕೋಣೆಗೆ ಕರೆದೊಯ್ದ. ಗೋಡೆಗೆ ಅವಳೇ ಆರಿಸಿದ ತಿಳಿಹಸಿರು ಬಣ್ಣ, ಕಿಟಕಿಯ ಕೆಳಗೆ ಓದುವ ಮೇಜು.

"ಇಷ್ಟ ಆಯ್ತಾ?"

"ಚೆನ್ನಾಗಿದೆ ಅಪ್ಪ."

"ಬೀರು ಇಲ್ಲೇ ಇರಲಾ?"

"ಚೆನ್ನಾಗಿದೆ."

ಅವನು ಬಾಯ್ತುಂಬ ನಕ್ಕ. ಆ ಹೊತ್ತಿನಲ್ಲಿ ಅವನ ಮುಖ ನೋಡಿದ್ದರೆ ಯಾರಿಗೂ ಚೆನ್ನಾಗಿಲ್ಲ ಎನ್ನುವ ಧೈರ್ಯ ಬರುತ್ತಿರಲಿಲ್ಲ. ಕಡ್ಡಿ ಮಾತ್ರ ಎರಡು ನಿಮಿಷಕ್ಕೊಮ್ಮೆ "ರಸ್ತೆ ನೋಡಿ ಬರ್ತೀನಿ" ಎಂದು ಹೊರಗೆ ಹೋಗುತ್ತಿದ್ದಳು. ಆ ರಸ್ತೆಯಲ್ಲಿ ನೋಡುವಂಥದ್ದು ಒಂದು ಮರಳಿನ ರಾಶಿ, ಅದರ ಮೇಲೊಂದು ನಾಯಿ.

ನಾಲ್ಕನೆಯ ಸಲ ಅಜ್ಜಿ ಹಿಂದೆಯೇ ಹೋದಳು. ಮೆಟ್ಟಿಲ ಮೇಲೆ ಕೂತು ಕಡ್ಡಿ ಇನ್‌ಹೇಲರ್ ಬಾಯಿಗಿಟ್ಟುಕೊಂಡಿದ್ದಳು. ಹೆಗಲು ಕಿವಿಯವರೆಗೆ ಏರಿತ್ತು.

"ಎಷ್ಟೊತ್ತಿಂದ?"

"ಬಂದಾಗಿಂದ." ಅವಳು ಉಸಿರು ಹಿಡಿದು ಬಿಟ್ಟಳು. "ಅಪ್ಪಂಗೆ ಹೇಳ್ಬೇಡಿ ಅಜ್ಜಿ."

"ಯಾಕೆ?"

"ಅಪ್ಪ ಇಷ್ಟ ಆಯ್ತಾ ಅಂತ ಐದು ಸಲ ಕೇಳಿದ್ರು."

ಅಜ್ಜಿ ಹೇಳುವುದಿಲ್ಲವೆಂದು ಮಾತು ಕೊಟ್ಟಳು, ಕೊಟ್ಟ ಮರುಕ್ಷಣವೇ ಪಶ್ಚಾತ್ತಾಪಪಟ್ಟಳು. ಹಳೆಯ ಗೋಡೆ ಬಿಟ್ಟು ಓಡಿ ಹೊಸ ಗೋಡೆಯ ಬಾಯಿಗೆ ಬಿದ್ದಂತಾಯಿತಲ್ಲ ಎಂದು ಅವಳಿಗೆ ಅನ್ನಿಸಿತು. ಬಸ್ಸಿನಲ್ಲಿ ಮಗನ ಪಕ್ಕ ಕೂತು, ಮೊಮ್ಮಗಳ ಹೆಸರೆತ್ತದೆ, "ಬೀಗದ ಕೈ ನನಗೆ ಕೊಡು. ದಿನಾ ಹೋಗಿ ಕಿಟಕಿ ತೆಗೆದು, ಸಂಜೆ ಮುಚ್ಚಿ ಬರ್ತೀನಿ" ಎಂದಳು.

"ಎರಡು ಬಸ್ಸು ಬದಲಾಯಿಸಿ? ಈ ಮಂಡಿ ಇಟ್ಕೊಂಡು?"

"ಮಂಡಿ ನಂದು."

"ಮನೆ ನಂದು ಅಮ್ಮ. ನನಗೆ ಗೊತ್ತಿಲ್ವಾ ಹೇಗೆ ಕಾಪಾಡ್ಬೇಕು ಅಂತ? ಎಲ್ಲದಕ್ಕೂ ಮೂಗು ತೂರಿಸ್ಬೇಡ."

ತನ್ನ ಮೂಗಿನ ಬಗ್ಗೆ ಅಜ್ಜಿಗೆ ಬಹಳ ಗೌರವವಿತ್ತು. ಅಂದಿನಿಂದ ಅವಳು ಮಗನೊಡನೆ ಮಾತು ಬಿಟ್ಟಳು. ಮಾತು ಬಿಟ್ಟಳು ಎಂದರೆ ಸುಮ್ಮನಾದಳು ಎಂದಲ್ಲ. ಎಲ್ಲವೂ ಸೊಸೆಯ ಮೂಲಕ ಹೋಗತೊಡಗಿತು.

"ನಿನ್ನ ಗಂಡನಿಗೆ ಕೇಳು, ಇನ್ನೊಂದು ಸೌಟು ಅನ್ನ ಬೇಕಾ ಅಂತ."

"ಬೇಡ ಅಂತ ಹೇಳು ನಮ್ಮಮ್ಮಂಗೆ."

"ಉಪ್ಪು ಕಡಿಮೆಯಾಗಿದ್ರೆ ಅವನ ಹರಳಿನ ಪೊಟ್ಟಣ ಒಂದು ಒಡೆದು ಹಾಕ್ಕೊಳ್ಳೋಕೆ ಹೇಳು."

ಕಡ್ಡಿ ತಟ್ಟೆಯೊಳಗೆ ತಲೆ ಬಗ್ಗಿಸಿ ನಕ್ಕಳು, ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಯಾರೂ ಊಟ ಮಾಡಲಿಲ್ಲ.

ಎರಡು ವಾರ ಹೀಗೆ ನಡೆಯಿತು. ಆಕಾಶ ಮೋಡ ಕವಿದೇ ಇತ್ತು, ಒಗೆದ ಬಟ್ಟೆ ಎರಡೆರಡು ದಿನ ಹಗ್ಗದ ಮೇಲೇ ಉಳಿಯುತ್ತಿತ್ತು. ಅತ್ತೆ ದಿನಾ ಆ ಹಗ್ಗ ಮುಟ್ಟಿ ನೋಡಿ ನಿಟ್ಟುಸಿರು ಬಿಡುವುದು ಸೊಸೆಯ ಕಣ್ಣಿಗೆ ಬಿತ್ತು. ಒಂದು ಬುಧವಾರ ಬೆಳಿಗ್ಗೆ ಅವಳು ಗಂಡನ ಮುಂದೆ ಕೈ ಚಾಚಿದಳು.

"ಬೀಗದ ಕೈ ಕೊಡಿ. ಪರದೆಗೆ ಅಳತೆ ತಗೋಬೇಕು, ಅಂಗಡೀಲಿ ಬಟ್ಟೆ ತೆಗೆದಿಟ್ಟಿದ್ದೀನಿ."

ಪರದೆಯ ಮಾತಾದ್ದರಿಂದ ಅವನು "ಟೇಪು ಕೀಳ್ಬೇಡ" ಎಂದು ಮೂರು ಸಲ ಹೇಳಿ ಕೊಟ್ಟ.

ಅತ್ತೆ ಸೊಸೆ ಇಬ್ಬರೂ ಹೋದರು. ಸೊಸೆ ನಿಜವಾಗಿಯೂ ಅಳತೆ ತೆಗೆದುಕೊಂಡಳು, ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಆಮೇಲೆ ಕಡ್ಡಿಯ ಬೀರುವಿನ ಅಂಚಿನ ಟೇಪು ಕಿತ್ತು, ಇಬ್ಬರೂ ಸೇರಿ ಅದನ್ನು ಮುಂದಕ್ಕೆ ಎಳೆದರು. ಬೀರುವಿನ ಹಿಂದೆ ಗೋಡೆ ತುಂಬ ಬೂಷ್ಟು. ಹಸಿರು, ಬೂದು, ಕೆಳಗೆ ನೆಲದ ಹತ್ತಿರ ಕಪ್ಪು. ಬೀರುವಿನ ಬೆನ್ನಿನ ಹಲಗೆಗೂ ಅದು ಹತ್ತಿತ್ತು. ಹಾಸಿಗೆಯ ಎರಡು ಸುತ್ತಿನ ಪ್ಲಾಸ್ಟಿಕ್ ಒಳಗೆ ನೀರಿನ ಹನಿ ಸಾಲುಗಟ್ಟಿತ್ತು, ಬಟ್ಟೆಯ ಮೇಲೆ ಕಪ್ಪು ಚುಕ್ಕೆ.

ಸೊಸೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. "ಇದೇ ಕೋಣೇಲಿ ಮಲಗಿಸ್ತಿದ್ವಲ್ಲ ಅತ್ತೆ."

"ಇನ್ನೂ ಮಲಗಿಸಿಲ್ವಲ್ಲ. ಏಳು. ಮೊದಲು ಕಿಟಕಿ ತೆಗಿ." ಅಜ್ಜಿ ಸೆರಗನ್ನು ಮೂಗಿಗೆ ಕಟ್ಟಿಕೊಂಡಳು. "ಒರೆಸ್ಬೇಡ ಈಗಲೇ. ಅವನು ಕಣ್ಣಾರೆ ನೋಡ್ಲಿ."

"ನೋಡಿದ್ರೂ ಒಪ್ಪಲ್ಲ ಅವರು. ಗಾರೆಯವನ ತಪ್ಪು ಅಂತಾರೆ, ಬಣ್ಣದವನ ತಪ್ಪು ಅಂತಾರೆ." ಸೊಸೆ ಬೀರುವಿನೊಳಗಿಂದ ಒಂದು ಪೊಟ್ಟಣ ತೆಗೆದು ನೋಡಿದಳು, ಇನ್ನೊಂದು ತೆಗೆದಳು. ಒಂದನ್ನು ಕೈಚೀಲದಲ್ಲಿ ಹಾಕಿಕೊಂಡಳು.

ಸಂಜೆ ಊಟಕ್ಕೆ ಬಡಿಸುವಾಗ ಅದನ್ನು ಗಂಡನ ತಟ್ಟೆಯ ಪಕ್ಕ ಇಟ್ಟಳು. ಹರಳು ನೀಲಿಯಾಗಿರಲಿಲ್ಲ, ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ಕಾರ್ಖಾನೆಯಲ್ಲಿ ಪೆಟ್ಟಿಗೆ ತೆರೆದಾಗ ಹರಳು ಗುಲಾಬಿಯಾಗಿದ್ದರೆ ಮುಂದೆ ಮಾತಿಲ್ಲ. ತೇವ ಹೀರಿ ಹೀರಿ ಅದರ ಹೊಟ್ಟೆ ತುಂಬಿದೆ, ಇನ್ನು ಒಳಗಿನ ಸಾಮಾನು ಕೆಟ್ಟಂತೆಯೇ ಲೆಕ್ಕ. ಟೇಪಣ್ಣ ತುತ್ತು ಕೆಳಗಿಟ್ಟ.

"ಎಲ್ಲಿತ್ತು ಇದು?"

"ಕಡ್ಡಿ ಬೀರುವಿನಲ್ಲಿ."

"ಒಂದೇನಾ ಹೀಗಾಗಿದ್ದು?"

"ನಾನು ನೋಡಿದ್ದೆಲ್ಲ ಹೀಗೇ ಇತ್ತು."

ತಾಯಿಯ ಮಾತಿಗೆ ಉತ್ತರವಿತ್ತು, ಹೆಂಡತಿಯ ಕಣ್ಣೀರಿಗೂ ಏನಾದರೊಂದು ಹೇಳುತ್ತಿದ್ದ. ಈ ಬಣ್ಣಕ್ಕೆ ಎದುರಾಡುವುದು ಅವನಿಗೆ ಗೊತ್ತಿರಲಿಲ್ಲ. ಕೈ ತೊಳೆದು ಬಂದು ತಾಯಿಯ ಎದುರು ಕೂತ.

"ಅಮ್ಮ, ಎಷ್ಟು ಹಾಳಾಗಿದೆ?"

ಹದಿನೇಳು ದಿನಗಳ ಮೇಲೆ ಅಜ್ಜಿ ಅವನಿಗೆ ನೇರವಾಗಿ ಉತ್ತರ ಕೊಟ್ಟಳು. "ಸರಿ ಮಾಡಬಹುದು. ಉಣ್ಣು ಮೊದಲು."

ಮರುದಿನ ಗಾರೆ ಮೇಸ್ತ್ರಿ ಬಂದ. ಗೋಡೆಗೆ ಅಂಗೈ ಒತ್ತಿ ನೋಡಿ, ಒಂದು ಚದರ ಪ್ಲಾಸ್ಟಿಕ್ ತುಂಡು ಕೇಳಿದ. ಟೇಪಣ್ಣನೇ ಅಳೆದು ಕತ್ತರಿಸಿ ಕೊಟ್ಟ. ಮೇಸ್ತ್ರಿ ಅದನ್ನು ಬರಿಗೋಡೆಯ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಹಾಕಿಸಿದ.

"ನಾಳೆ ಇದೇ ಹೊತ್ತಿಗೆ ನೋಡಿ ಅಣ್ಣ. ಹನಿ ಒಳಮೈಗೆ ಕೂತಿದ್ರೆ ನೀರು ಗೋಡೆಯದು. ಹೊರಮೈಗೆ ಕೂತಿದ್ರೆ ಗಾಳೀದು."

ಮರುದಿನ ಹನಿ ಒಳಮೈಗೇ ಕೂತಿತ್ತು.

"ನಿಮ್ಮ ಗೋಡೆ ಕುಡಿದಿದ್ದನ್ನ ಹೊರಗೆ ಬಿಡ್ತಾ ಇದೆ. ನೀವು ಅದರ ಬಾಯಿ ಕಟ್ಟಿದ್ರಿ."

"ಎಷ್ಟು ನೀರಿರಬಹುದು ಇನ್ನೂ?"

"ಡ್ರಮ್ಮುಗಟ್ಟಲೆ ಅಣ್ಣ. ನಿಮ್ಮ ಪೊಟ್ಟಣ ಪಾಪ ಏನು ಮಾಡುತ್ತೆ?" ಮೇಸ್ತ್ರಿ ನಕ್ಕ. ಟೇಪಣ್ಣನಿಗೆ ನಗು ಬರಲಿಲ್ಲ.

ಅಲ್ಲಿಂದ ಮುಂದೆ ಮನೆಯ ಯಜಮಾನಿಕೆ ಅಜ್ಜಿಯ ಕೈಗೆ ಬಂತು. ಒಗೆತದ ವಿಭಾಗದಲ್ಲಿ ಇಪ್ಪತ್ತು ಜನರನ್ನು ಆಳಿದ ದನಿ ಹೊರಬಿತ್ತು. ಬೂಷ್ಟು ಹಿಡಿದ ಕಡೆ ಸೋಪಿನ ನೀರಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಬೇಕು. ಉಬ್ಬಿದ ಬಣ್ಣ ಕೆರೆದು ಗೋಡೆಯನ್ನು ಬರಿಮೈಯಲ್ಲಿ ಬಿಡಬೇಕು. ಬೀರು, ಮಂಚ, ಮೇಜು ಯಾವುದೂ ಗೋಡೆಯಿಂದ ಒಂದು ಗೇಣಿಗಿಂತ ಹತ್ತಿರ ನಿಲ್ಲಬಾರದು, ಬಾಗಿಲು ಮುಚ್ಚಬಾರದು. ಹಾಸಿಗೆ ಒಗೆಯಲು ಬರುವುದಿಲ್ಲ, ಅದನ್ನು ಎಸೆಯಬೇಕು. ಕಡ್ಡಿ ಅತ್ತ ತಲೆ ಹಾಕಬಾರದು.

"ನಾನೂ ತಿಕ್ತೀನಿ ಅಜ್ಜಿ."

"ನೀನು ಓದು. ಅದೂ ತಿಕ್ಕೋ ಕೆಲಸಾನೇ."

ಅಜ್ಜಿ ಬೆಳಗಿನ ಬಸ್ಸು ಹಿಡಿದು ಹೋಗುವಳು. ಎದುರುಬದುರಿನ ಕಿಟಕಿಗಳನ್ನು ಜೋಡಿಯಾಗಿ ತೆರೆದು, ಗಾಳಿ ಈ ಕಡೆ ಹೊಕ್ಕು ಆ ಕಡೆ ಹೊರಡುವುದನ್ನು ನೋಡುತ್ತ ಬುತ್ತಿ ಬಿಚ್ಚುವಳು. ತುಂತುರು ಹನಿದರೆ ಮುಚ್ಚುವಳು, ನಿಂತರೆ ತೆರೆಯುವಳು. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಒಂದು ಪೈಪು ಹನಿ ಹನಿ ಸೋರುತ್ತಿದ್ದುದನ್ನೂ ಅವಳೇ ಕಂಡುಹಿಡಿದಳು. ಸಂಜೆ ಟೇಪಣ್ಣ ಕಾರ್ಖಾನೆಯಿಂದ ನೇರ ಬಂದು, ತಂಪು ಗಾಳಿ ಇಳಿಯುವ ಮೊದಲು ಎಲ್ಲ ಮುಚ್ಚಿ, ತಾಯಿಯನ್ನು ಕರೆದುಕೊಂಡು ಹೋಗುವನು. ಎರಡನೆಯ ದಿನವೇ ಅವಳಿಗೊಂದು ಮಡಚುವ ಕುರ್ಚಿ ತಂದಿಟ್ಟ. ಅವಳು ಅದನ್ನು ಕಿಟಕಿಯ ಎದುರಿಗೆ ಎಳೆದುಕೊಂಡಳು. ಭಾನುವಾರ ಸೊಸೆ ಸ್ಪಂಜು, ಬಕೆಟ್ಟು ಹಿಡಿದು ಬರುವಳು. ಸುಸ್ತಾದ ಮೇಲೆ ಮೂವರೂ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು, ಮೊಟ್ಟೆ ತಿನ್ನುವರು.

"ಇಪ್ಪತ್ತಾರು ವರ್ಷದಲ್ಲಿ ಒಂದು ಲೋಟ ಒಡೆದಿಲ್ಲ" ಎಂದ ಟೇಪಣ್ಣ ಒಂದು ಸಲ, ಯಾರಿಗೂ ಅಲ್ಲದಂತೆ.

"ಲೋಟಕ್ಕೆ ಉಸಿರಾಡೋ ಕೆಲಸ ಇಲ್ಲ" ಎಂದಳು ಹೆಂಡತಿ. ಅವನು ತಲೆಯಾಡಿಸಿದ.

ಪರೀಕ್ಷೆ ಮುಗಿಯುವ ಹೊತ್ತಿಗೆ ಮೋಡ ಚದುರಿತು. ಪ್ರತಿ ಕೋಣೆಯ ಗೋಡೆಗೂ ಒಂದೊಂದು ಪ್ಲಾಸ್ಟಿಕ್ ಚೌಕ ಹಚ್ಚಿ ನೋಡಿದರು. ಬಿಸಿಲು ಬೀಳುವ ಅಜ್ಜಿಯ ಕೋಣೆ ಪೂರ್ತಿ ಒಣಗಿತ್ತು. ನಡುಮನೆ ಒಣಗಿತ್ತು. ಕಡ್ಡಿಯ ಕೋಣೆಯ ಮೂಲೆಯಲ್ಲಿ ಮಾತ್ರ ಇನ್ನೂ ಸಣ್ಣ ಹನಿ ಕೂರುತ್ತಿತ್ತು.

"ಗುಂಡುಸೂಜಿ ತಲೆಯಷ್ಟಿದೆ" ಎಂದ ಟೇಪಣ್ಣ. "ಇನ್ನೇನು ಬಿಸಿಲು ಬಂತು. ಕಾರ್ಖಾನೆ ಲಾರಿ ಈ ಭಾನುವಾರ ಬಿಟ್ರೆ ಮತ್ತೆ ಯಾವಾಗ ಸಿಗುತ್ತೋ."

"ಹನಿ ಹನೀನೇ" ಎಂದಳು ಅಜ್ಜಿ.

"ರೀ, ಇನ್ನೊಂದೆರಡು ವಾರ ತಡೀಬಹುದಲ್ವಾ?"

"ಬಾಡಿಗೆ ಮನೆ ಗೋಡೆಗಿಂತ ಇದು ನೂರು ಪಾಲು ಮೇಲು."

ಅದು ನಿಜವೇ ಆಗಿತ್ತು. ಭಾನುವಾರ ಲಾರಿ ಬಂತು. ಮಧ್ಯಾಹ್ನದೊಳಗೆ ಪೆಟ್ಟಿಗೆಗಳೆಲ್ಲ ಒಳಗೆ ಬಂದವು. ಕೊನೆಗೆ ಟೇಪಣ್ಣ ಕಡ್ಡಿಯ ಮಂಚವನ್ನು ತಿಳಿಹಸಿರು ಕೋಣೆಯಲ್ಲಿ ಜೋಡಿಸಿ, ಗೋಡೆಯಿಂದ ಗೇಣಳತೆ ಹಾಕಿ, ಬೆವರು ಒರೆಸಿಕೊಂಡು ಮಗಳತ್ತ ತಿರುಗಿದ. ಅವಳು ಬಾಗಿಲಲ್ಲೇ ನಿಂತಿದ್ದಳು.

"ಬಾ, ಮಲಗಿ ನೋಡು. ಹೇಗಿದೆ?"

"ಚೆನ್ನಾ..." ಎಂದವಳು ನಿಲ್ಲಿಸಿದಳು. ಅಜ್ಜಿಯ ಕಡೆ ನೋಡಿದಳು. ಅಜ್ಜಿ ಪಾತ್ರೆಯ ಪೆಟ್ಟಿಗೆ ಬಿಚ್ಚುತ್ತಿದ್ದಳು. ಮಾತು ಕೊಟ್ಟಿದ್ದ ಅವಳು ಈ ವಿಷಯದಲ್ಲಿ ಬಾಯಿ ಬಿಡುವಂತಿರಲಿಲ್ಲ.

"ಅಪ್ಪ, ಈ ಕೋಣೇಲಿ ನನಗೆ ಆಗಲ್ಲ."

"ಏನಾಗಲ್ಲ?"

"ಉಸಿರು. ಮೊದಲನೇ ಸಲ ಬಂದಾಗ್ಲೂ ಆಗಿರಲಿಲ್ಲ. ರಸ್ತೆ ನೋಡೋಕೆ ಅಂತ ಸುಳ್ಳು ಹೇಳಿ ಹೊರಗೆ ಹೋಗ್ತಿದ್ದೆ. ಈಗ ಅಷ್ಟಿಲ್ಲ. ಆದ್ರೂ ಇದೆ."

"ಅವತ್ತೇ ಯಾಕೆ ಹೇಳ್ಲಿಲ್ಲ ಮಗಳೇ?"

"ಐದು ಸಲ ಚೆನ್ನಾಗಿದೆ ಅಂದುಬಿಟ್ಟಿದ್ದೆ. ಆಮೇಲೆ ಹೇಗೆ ಹೇಳೋದು?"

ಟೇಪಣ್ಣ ಮಂಚದ ಅಂಚಿಗೆ ಕೂತ. ಅವನಿಗೆ ನಾಚಿಕೆಯಾಯಿತು. ಬೂಷ್ಟು ನೋಡಿದಾಗಲೂ ಇಷ್ಟು ನೋವಾಗಿರಲಿಲ್ಲ. ಯಾರಿಗಾಗಿ ಮನೆ ಕಟ್ಟಿಸಿದನೋ ಅವಳೇ ತನ್ನ ಮುಖ ನೋಡಿ ಉಸಿರು ಕಟ್ಟಿಕೊಂಡು ನಿಂತಿದ್ದಳು.

"ಯಾವ ಕೋಣೇಲಿ ಆಗುತ್ತೆ?"

"ಅಜ್ಜಿ ಕೋಣೇಲಿ."

ಅವನು ಎದ್ದು ಮಂಚದ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಹೆಂಡತಿ ಆಗಲೇ ಹಿಡಿದಿದ್ದಳು. ಅಜ್ಜಿ ಪಾತ್ರೆ ಬಿಟ್ಟು ಬಂದು, "ನನ್ನ ಚಾಪೆ ನಡುಮನೇಲಿ ಹಾಕು. ಅಡುಗೆಮನೆ ಹತ್ತಿರ, ಚಹಾ ಬೇಗ ಸಿಗುತ್ತೆ" ಎಂದು ಮುಂದೆ ಮುಂದೆ ದಾರಿ ಬಿಡಿಸಿದಳು. ತಿಳಿಹಸಿರು ಕೋಣೆಯನ್ನು ಖಾಲಿ ಮಾಡಿ, ಎರಡೂ ಕಿಟಕಿ ತೆರೆದು ಹಾಗೇ ಬಿಟ್ಟರು.

ಊಟವಾದ ಮೇಲೆ ಕಡ್ಡಿ ಬಿಸಿಲಿನ ಕೋಣೆಯಲ್ಲಿ ನಿದ್ದೆ ಹೋದಳು. ಪೆಟ್ಟಿಗೆಗಳು ಅರ್ಧಕ್ಕರ್ಧ ಬಿಚ್ಚಿದಂತೆಯೇ ಇದ್ದವು. ಸೊಸೆ ಒಲೆ ಹಚ್ಚಿ ಚಹಾಕ್ಕಿಟ್ಟು ಗಂಡನನ್ನು ಎರಡು ಸಲ ಕರೆದಳು. ಉತ್ತರ ಬರದಿದ್ದಾಗ ಅಜ್ಜಿ ಹುಡುಕಿಕೊಂಡು ಬಂದಳು. ಅವನು ಕಡ್ಡಿ ಮಲಗಿದ್ದ ಕೋಣೆಯ ಬಾಗಿಲ ಹೊರಗೆ, ನೆಲದ ಮೇಲೆ, ಗೋಡೆಗೊರಗಿ ಕೂತಿದ್ದ.

"ಇಲ್ಲೇನೋ ಮಾಡ್ತಿದ್ದೀಯ?"

ಅವನು ಮೆಲ್ಲಗೆ ಮಾತಾಡೆಂದು ಕೈ ಮಾಡಿದ. "ಕೇಳಿಸ್ಕೋತಾ ಇದ್ದೀನಿ."

ಅಜ್ಜಿ ಬಾಗಿಲಿಗೆ ಕಿವಿಗೊಟ್ಟಳು. "ಸೀಟಿ ಗೀಟಿ ಏನೂ ಕೇಳಿಸ್ತಿಲ್ವಲ್ಲೋ."

"ಹೂಂ ಅಮ್ಮ, ಅದನ್ನೇ" ಎಂದ ಟೇಪಣ್ಣ.